ಮತ್ಸ್ಯಕನ್ಯೆಯ ಕೊನೆಯ ಮುತ್ತು ಯಾರಿಗೆ?

ಪತ್ರ: ಹೋದ ಸಂಚಿಕೆಯ ಕಥೆಯಲ್ಲಿ ಮತ್ಸ್ಯಕನ್ಯೆ ರಾಜಕುಮಾರನನ್ನು ಬಿಟ್ಟು ಅವನ ವಧುವನ್ನೇ ಪ್ರೀತಿಸುತ್ತಾಳೆ. ಮಕ್ಕಳ ಕಥೆಗೆ ಇದನ್ನೆಲ್ಲ ಯಾಕೆ ತುರುಕಬೇಕು? ಮೂಲವನ್ನು ಅದರ ಪಾಡಿಗೆ ಬಿಡಬಾರದೇ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮೂಲದ ಮತ್ಸ್ಯಕನ್ಯೆಗೆ ಬೇಕಿದ್ದದ್ದು ಬರೀ ಪ್ರೀತಿಯಲ್ಲ, ಅಳಿಯದ ಆತ್ಮವೂ ಬೇಕಿತ್ತು. ಹೊಸ ಕಥೆ ಅದನ್ನು ಕೈಬಿಟ್ಟಿದೆ. ಅಷ್ಟರ ಮಟ್ಟಿಗೆ ನಿಮ್ಮ ದೂರು ನ್ಯಾಯವಾದದ್ದೇ.

ಆದರೆ ಮೂಲ ಅಂದಿರಲ್ಲ, ಅದನ್ನೇ ನೋಡೋಣ. ಡೆನ್ಮಾರ್ಕಿನ ಲೇಖಕ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ ಈ ಕಥೆ ಕೋಪನ್‌ಹೇಗನ್‌ನಲ್ಲಿ ಅಚ್ಚಾದದ್ದು 1837ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಅವನ ಗೆಳೆಯ ಎಡ್ವರ್ಡ್ ಕಾಲಿನ್‌ನ ಮದುವೆಯಾಗಿತ್ತು. ಚಪ್ಪಲಿ ಹೊಲಿಯುವವನ ಮಗ ಆಂಡರ್ಸನ್‌ನ ಓದಿಗೆ ಆಸರೆಯಾದದ್ದು ಎಡ್ವರ್ಡ್‌ನ ಅಪ್ಪ. ಆ ಮನೆಯಲ್ಲಿ ಅವನು ಮಗನಂತಿದ್ದ, ಆದರೂ ಹೊರಗಿನವನೇ. 1831ರಲ್ಲಿ, ನಾವಿಬ್ಬರೂ ಏಕವಚನದಲ್ಲಿ ಮಾತಾಡೋಣ ಅಂತ ಎಡ್ವರ್ಡ್‌ಗೆ ಕಾಗದ ಬರೆದ. ಎಡ್ವರ್ಡ್ ಒಪ್ಪಲಿಲ್ಲ. ಆ ಗಾಯ ಆರಲೇ ಇಲ್ಲ. 1847ರಲ್ಲಿ ಬಂದ 'ನೆರಳು' ಕಥೆಯಲ್ಲಿ, ಏಕವಚನದಲ್ಲಿ ಮಾತಾಡೋಣ ಅಂತ ಯಜಮಾನ ಕೇಳಿದಾಗ ಅವನ ನೆರಳು ಹಾಗೆಯೇ ನಿರಾಕರಿಸುತ್ತದೆ.

ಆಂಡರ್ಸನ್ ಹೆಣ್ಣುಗಳಿಗೂ ಮನಸೋತವನು. ಅವನಿಗೊಂದು ಹಣೆಪಟ್ಟಿ ಅಂಟಿಸುವ ಆಸೆ ನನಗಿಲ್ಲ. ಆದರೆ ಆ ಕಾಗದಗಳ ಹಂಬಲವನ್ನು ಸ್ನೇಹ ಅಂತಷ್ಟೇ ಕರೆದು ಮುಗಿಸಲು ಆಗುವುದಿಲ್ಲ. ಆ ಪ್ರೀತಿಗೆ ಸ್ಪಂದಿಸಲು ತನ್ನಿಂದಾಗಲಿಲ್ಲ, ಅದರಿಂದ ಆಂಡರ್ಸನ್ ಬಹಳ ನೊಂದ ಎಂದು ಎಡ್ವರ್ಡೇ ಮುಂದೆ ಬರೆದಿಟ್ಟಿದ್ದಾನೆ. ಈಗ ಹೇಳಿ, ನಾಲಿಗೆ ಕಳೆದುಕೊಂಡು, ಹೆಜ್ಜೆಹೆಜ್ಜೆಗೂ ಚೂರಿ ತುಳಿದಂತೆ ನೋಯುತ್ತಾ, ಪ್ರೀತಿಸಿದವನ ಮದುವೆಯಲ್ಲೇ ಕುಣಿಯುವ ಹುಡುಗಿ ಎಲ್ಲಿಂದ ಬಂದಳು?

ನಮ್ಮ ಕಥೆಗಾರ್ತಿ ಏನನ್ನೂ ತುರುಕಿಲ್ಲ. ಮೂಲದಲ್ಲೇ, ದಡದಲ್ಲಿ ಬಿದ್ದಿದ್ದ ರಾಜಕುಮಾರನನ್ನು ಮೊದಲು ಕಂಡ ಹುಡುಗಿಯೇ ಮುಂದೆ ವಧುವಾಗುತ್ತಾಳೆ. ಅವಳನ್ನು ಮತ್ಸ್ಯಕನ್ಯೆ ಬಂಡೆಯ ಮರೆಯಿಂದ ನೋಡಿರುತ್ತಾಳೆ. ಕೊನೆಗೆ ಗಾಳಿಯಾಗಿ ಮೇಲೇರುವಾಗ ಯಾರ ಕಣ್ಣಿಗೂ ಕಾಣದೆ ಒಂದು ಮುತ್ತು ಕೊಡುತ್ತಾಳೆ. ರಾಜಕುಮಾರನಿಗಲ್ಲ, ಅವನಿಗೆ ಒಂದು ನಗು ಅಷ್ಟೇ. ಮುತ್ತು ವಧುವಿನ ಹಣೆಗೆ. ಹೊಸ ಕಥೆ ಹುಟ್ಟಿದ್ದು ಆ ಒಂದು ಸಾಲಿನಿಂದ.

ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಮನಸ್ಸಿನಲ್ಲಿರುವ ಮೂಲ ಬಣ್ಣದ ಚಿತ್ರಗಳ ಆ ತೆಳು ಪುಸ್ತಕದ್ದು ಅನಿಸುತ್ತದೆ. ಅದರಲ್ಲಿ ನಾಲಿಗೆ ಕತ್ತರಿಸುವುದಿಲ್ಲ, ರಕ್ತ ಇಲ್ಲ, ಸಾವೂ ಇಲ್ಲ. 1989ರ ಡಿಸ್ನಿ ಸಿನಿಮಾ ಕಥೆಯನ್ನು ಮದುವೆಯಲ್ಲೇ ಮುಗಿಸಿತು. ಆಗ ಮೂಲ ಕೆಟ್ಟಿತು ಅಂತ ಪತ್ರ ಬರೆದವರು ಎಷ್ಟು ಜನ? ಆ ಸಿನಿಮಾದ ಹಾಡುಗಳನ್ನು ಬರೆದ ಹೋವರ್ಡ್ ಆಶ್ಮನ್ ಸಲಿಂಗಿ. 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ಮಾಟಗಾತಿಯ ರೂಪಕ್ಕೆ ಮಾದರಿಯಾದದ್ದು ಹೆಣ್ಣುವೇಷದಲ್ಲಿ ಹೆಸರಾದ ನಟ ಡಿವೈನ್. ನಾವು ಮಕ್ಕಳಿಗೆ ನಿಶ್ಚಿಂತೆಯಿಂದ ತೋರಿಸಿದ್ದು ಇದನ್ನೇ, ಅಲ್ವಾ?

ಮಕ್ಕಳ ಪುಸ್ತಕ ಅಂದರೆ ಸಾಕು, ನಮ್ಮ ಪ್ರಕಾಶಕರೂ ನೋವಿರುವ ಪುಟಗಳನ್ನೇ ಮೊದಲು ಕಿತ್ತು ಹಾಕುತ್ತಾರೆ. ಮಗು ಅತ್ತುಬಿಟ್ಟರೆ ಅಂತ ಭಯ. ಅಳಲಿ ಬಿಡಿ! ಅತ್ತ ಕಥೆಯನ್ನು ಮಗು ಮರೆಯುವುದಿಲ್ಲ. 1843ರಿಂದ ಆಂಡರ್ಸನ್ ತನ್ನ ಪುಸ್ತಕಗಳ ಮೇಲಿದ್ದ 'ಮಕ್ಕಳಿಗಾಗಿ ಹೇಳಿದ' ಅನ್ನುವ ಮಾತನ್ನೇ ತೆಗೆದುಹಾಕಿದ. ಅದನ್ನು ಮತ್ತೆ ಅಂಟಿಸಿದವರು ನಾವು.

ಪೂರ್ತಿ ಕಥೆ ಹುಡುಕಿ ಓದಿ. ತಲೆಗೂದಲನ್ನು ಮಾರಿದ ಅಕ್ಕಂದಿರು ಚೂರಿ ತರುವ ರಾತ್ರಿಯನ್ನು ನಿಧಾನವಾಗಿ ಓದಿ. ಆಮೇಲೂ ಕೋಪ ಉಳಿದಿದ್ದರೆ ಇನ್ನೂ ಉದ್ದದ ಪತ್ರ ಬರೆಯಿರಿ, ಒಂದಕ್ಷರ ಕತ್ತರಿಸದೆ ಹಾಕುತ್ತೇವೆ.