ಪಾಳಿ ಓದು ಬಿಡಿಸೋದು ಹೇಗೆ, ಅಕ್ಕೋರೆ?

ಪ್ರಶ್ನೆ: ಹೋದ ವರ್ಷ ಸರ್ಕಾರಿ ಶಾಲೆಗೆ ಶಿಕ್ಷಕಿಯಾಗಿ ಸೇರಿದ್ದೇನೆ. ಇಲ್ಲಿ ಹಿರಿಯ ಶಿಕ್ಷಕರೆಲ್ಲ ಮಕ್ಕಳಿಗೆ ಪಾಳಿ ಹಚ್ಚಿ ಓದಿಸುತ್ತಾರೆ. ಒಬ್ಬ ಎದ್ದು ನಾಲ್ಕು ಸಾಲು ಓದಿದರೆ, ಮುಂದಿನವ ಮುಂದಿನ ನಾಲ್ಕು. ಯಾರಾದರೂ ತಡವರಿಸಿದರೆ ಉಳಿದವರು ನಗುತ್ತಾರೆ. ಹಿರಿಯರಿಗೆ ಬೇಜಾರಾಗದಂತೆ ಹೇಗೆ ಹೇಳಲಿ?
– ಓದುಗಿ, ಮುಧೋಳ ತಾಲ್ಲೂಕು

ಉತ್ತರ: ನೋಡವ್ವ ತಂಗಿ, ಗುಳೇದಗುಡ್ಡದಲ್ಲಿ ನಾನೂ ವರ್ಷಗಟ್ಟಲೆ ಹೀಗೇ ಓದಿಸಿದವಳು. ಬಿಡಿಸಿದ್ದು ನಿನ್ನಂಥವಳೇ ಒಬ್ಬ ಹೊಸ ಶಿಕ್ಷಕಿ. ಆಕೆ ನನಗೆ ಬುದ್ಧಿ ಹೇಳಲಿಲ್ಲ. "ಅಕ್ಕೋರ, ಒಂದು ಪಿರಿಯಡ್ ನನ್ನ ಕ್ಲಾಸಿನ್ಯಾಗ ಕೂಡ್ರಿ. ಹಿಂದಿನ ಸಾಲಿನ ಹುಡುಗರು ಏನ್ ಮಾಡ್ತಾರ ನೋಡಿ ಹೇಳ್ರಿ" ಅಂದಳು.

ಆಕೆಯೂ ಅವತ್ತು ಪಾಳಿ ಹಚ್ಚಿಯೇ ಓದಿಸುತ್ತಿದ್ದಳು. ನನ್ನ ಪಕ್ಕದ ಹುಡುಗ ಮುಂದೆ ಎಷ್ಟು ಮಂದಿ ಇದ್ದಾರೆ ಅಂತ ಎಣಿಸಿದ. ತನಗೆ ಬರುವ ಸಾಲುಗಳ ಮೇಲೆ ಬೆರಳಿಟ್ಟ. ತುಟಿ ಅಲ್ಲಾಡಿಸುತ್ತಾ ಅಷ್ಟನ್ನೇ ಬಾಯಿಪಾಠ ಮಾಡಿದ. ಪಾಳಿ ಮುಗಿದದ್ದೇ ಪುಸ್ತಕ ಮುಚ್ಚಿಟ್ಟ. ಕಥೆಯಲ್ಲಿ ಏನಾಯ್ತಪ್ಪಾ ಅಂದರೆ ಸುಮ್ನೆ ನನ್ನ ಮುಖ ನೋಡಿದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನೀನೂ ಹಾಗೇ ಕರೆ. ತಪ್ಪು ನಿನ್ನ ಕ್ಲಾಸಿನದೇ ಆಗಿರಲಿ, ಅವರದಲ್ಲ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿ. 40 ಮಕ್ಕಳು, 40 ನಿಮಿಷ. ಒಬ್ಬೊಬ್ಬರಿಗೆ ಸಿಗೋದು ಒಂದೇ ನಿಮಿಷ, ಅಲ್ವಾ? ಅದೇ ಜೋಡಿ ಮಾಡಿ 20 ನಿಮಿಷ ಓದಿಸಿದರೆ ಪ್ರತಿ ಮಗುವೂ 10 ನಿಮಿಷ ಓದುತ್ತದೆ. ಮೊದಲು ನೀನು ದನಿ ಏರಿಸಿ ಇಳಿಸಿ ಓದಿ ತೋರಿಸು. ಆಮೇಲೆ ಎಲ್ಲರೂ ಕೂಡಿ, ಆಮೇಲೆ ಜೋಡಿ. ಒಂದೇ ಪಾಠ ಮೂರ್ನಾಲ್ಕು ಸಲ ಆಗಬೇಕು. ತಡವರಿಸುವ ಮಗುವನ್ನು ತಾಳ್ಮೆ ಇರುವವರ ಜೊತೆ ಕೂಡಿಸು. ಗದ್ದಲ ಜಾಸ್ತಿ ಆಗುತ್ತದೆ, ಆಗಲಿ.

ತಿದ್ದುತ್ತಾ, ಮತ್ತೆ ಮತ್ತೆ ಗಟ್ಟಿಯಾಗಿ ಓದಿಸಿದರೆ ಓದು ಸರಾಗ ಆಗುತ್ತದೆ ಅಂತ ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಎಂಬ ತಜ್ಞರ ಸಮಿತಿ 2000ರಲ್ಲೇ ವರದಿ ಕೊಟ್ಟಿದೆ. ಆದರೆ ಮಾತನ್ನು ಅಲ್ಲಿಂದ ಶುರು ಮಾಡಬೇಡ. ಹಿರಿಯರಲ್ಲಿ ಸಣ್ಣ ತರಗತಿಗಳಿಗೆ ನಲಿಕಲಿ ಪದ್ಧತಿಯಲ್ಲಿ ಕಲಿಸಿದವರಿದ್ದರೆ ಅವರನ್ನೇ ಹಿಡಿ. ಮಕ್ಕಳನ್ನು ಗುಂಪು ಮಾಡಿ ಕಲಿಸೋದು ಅವರಿಗೆ ಗೊತ್ತು. "ಹೆಂಗ ಕೂಡಿಸ್ತಿದ್ರಿ, ನನಗೂ ಕಲಸ್ರಿ" ಅಂತ ಕೇಳು. ನಿಜವಾಗಿಯೂ ಕಲಿ.

ಮುಖ್ಯ ಗುರುಗಳ ಎದುರು, ಸಮಾಲೋಚನಾ ಸಭೆಯಲ್ಲಿ ಈ ವಿಷಯ ಎತ್ತಬೇಡ. ನಾಲ್ಕು ಜನರ ಮುಂದೆ ಯಾರಿಗಾದರೂ ನೋವಾಗುತ್ತದೆ. ಎಲ್ಲರನ್ನೂ ಒಮ್ಮೆಗೇ ಬದಲಿಸಲು ಹೋಗಬೇಡ. ಮಧ್ಯಾಹ್ನ ಬುತ್ತಿ ಬಿಚ್ಚಿ "ಬಾರವ್ವ, ಒಂದು ರೊಟ್ಟಿ ತಿನ್ನು" ಅಂತ ಕರೆಯುವವರು ಒಬ್ಬರಾದರೂ ಇರುತ್ತಾರಲ್ಲ, ಅವರನ್ನೇ ಮೊದಲು ನಿನ್ನ ಕ್ಲಾಸಿಗೆ ಕರೆ.