ಎರಡು ಸಿಮ್ ಹಾಕುವ ಫೋನ್ ಇದ್ದರೂ ಕೆಲವರು ಎರಡು ಫೋನ್ ಯಾಕೆ ಇಟ್ಟುಕೊಳ್ಳುತ್ತಾರೆ?

ಹೆಚ್ಚಿನವರು ಹೀಗೆ ಮಾಡುವುದು ಆಫೀಸನ್ನೂ ಮನೆಯನ್ನೂ ಬೇರೆ ಬೇರೆ ಇಡಲಿಕ್ಕೆ. ಎರಡು ಸಿಮ್ ಹಾಕಿದರೆ ನಂಬರ್ ಮಾತ್ರ ಬೇರೆಯಾಗುತ್ತದೆ. ಫೋಟೊ, ಮೆಸೇಜು, ಆಪ್ ಎಲ್ಲವೂ ಒಂದೇ ಕಡೆ ಇರುತ್ತವೆ.

ಕಂಪನಿ ಕೊಟ್ಟ ಫೋನಿನಲ್ಲಿ ಅದನ್ನು ದೂರದಿಂದ ನಿಯಂತ್ರಿಸುವ ಒಂದು ಆಪ್ ಇರುವುದು ಸಾಮಾನ್ಯ. ಯಾವ ಆಪ್ ಹಾಕಬಹುದು ಅಂತ ಕಂಪನಿಯೇ ತೀರ್ಮಾನಿಸಬಹುದು. ಫೋನ್ ಕಳೆದುಹೋದರೆ ಒಳಗಿರುವುದನ್ನೆಲ್ಲ ಕೂತಲ್ಲಿಂದಲೇ ಅಳಿಸಬಹುದು. ಅಂಥದ್ದರಲ್ಲಿ ಮಗುವಿನ ಫೋಟೊ ಇಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ? ಕೆಲಸ ಮುಗಿದ ಮೇಲೆ ಆ ಫೋನ್ ಆಫ್ ಮಾಡಿ ಪಕ್ಕಕ್ಕಿಟ್ಟರೆ ಆಯ್ತು. ನನ್ನ ಪ್ರಕಾರ ಎರಡನೇ ಫೋನಿನ ದೊಡ್ಡ ಸುಖ ಇದೇ.

ಇನ್ನೊಂದು ತಾಂತ್ರಿಕ ಕಾರಣವೂ ಇದೆ. ಎರಡು ಸಿಮ್‌ನ ಎಷ್ಟೋ ಫೋನುಗಳಲ್ಲಿ ಸಿಗ್ನಲ್ ಹಿಡಿಯುವ ಭಾಗ ಒಂದೇ. ಎರಡೂ ಸಿಮ್ ಅದನ್ನೇ ಹಂಚಿಕೊಳ್ಳುತ್ತವೆ. ಹಾಗಾಗಿ ಒಂದರಲ್ಲಿ ಮಾತಾಡುವಾಗ ಇನ್ನೊಂದಕ್ಕೆ ಬಂದ ಕರೆ ಸಿಗದೇ ಹೋಗಬಹುದು. ದಿನವಿಡೀ ಗಿರಾಕಿಗಳ ಕರೆಗೆ ಕಾಯುವವರಿಗೆ ಇದು ನಷ್ಟದ ಬಾಬತ್ತು.

ಇನ್ನು ಕೆಲವರ ಎರಡನೇ ಫೋನ್ ಸುಮ್ನೆ ಹಳೆಯದು, ಎಸೆಯಲು ಮನಸ್ಸಿಲ್ಲದೆ ಉಳಿದದ್ದು, ಅಷ್ಟೇ.