ಪರಿಸರ ಓದಿದ್ರೆ ಫಾರೆಸ್ಟ್ ಆಫೀಸರ್ ಆಗಬಹುದಾ ಸರ್?

ಪಿಯು ರಿಸಲ್ಟ್ ಬಂದ ಮೇಲೆ, ಬಿಎಸ್ಸಿಯಲ್ಲಿ ಪರಿಸರ ವಿಜ್ಞಾನ ಕಲಿಸುವ ನನಗೆ ಹೊಸ ಪ್ರಶ್ನೆ ಒಂದೂ ಬಂದಿಲ್ಲ. ಹೋದ ವರ್ಷದ್ದೇ ಬೇರೆ ಬೇರೆ ಅಕ್ಷರದಲ್ಲಿ ಬಂದಿವೆ. ಈ ಸಲ ಉದ್ದಕ್ಕೆ ಬರೆಯುತ್ತೇನೆ, ಮುಂದಿನ ವರ್ಷ ಕೇಳಬೇಡಿ.

ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಪರಿಸರ ಜೀವಶಾಸ್ತ್ರ ಇರುವ ಬಿಎಸ್ಸಿ ಸೇರಬೇಕೆಂದಿದ್ದೇನೆ. ಐಎಫ್ಎಸ್ (ಭಾರತೀಯ ಅರಣ್ಯ ಸೇವೆ) ಪರೀಕ್ಷೆ ಬರೆಯಬಹುದೇ? ಮೂರು ವರ್ಷ ಏನು ಕಲಿಸುತ್ತಾರೆ? – ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಬರೆಯಬಹುದು, ಜೊತೆಗಿರುವ ವಿಷಯ ಸರಿಯಾಗಿದ್ದರೆ. ಯುಪಿಎಸ್‌ಸಿ ಪಟ್ಟಿಯಲ್ಲಿರುವುದು ಪಶುಸಂಗೋಪನೆ ಮತ್ತು ಪಶುವೈದ್ಯ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ. ಇವುಗಳಲ್ಲಿ ಒಂದಾದರೂ ಪದವಿಯಲ್ಲಿ ಇರಲೇಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ಪರಿಸರ ವಿಜ್ಞಾನದ ಹೆಸರು ಆ ಪಟ್ಟಿಯಲ್ಲಿ ಇಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಪರಿಸರ ವಿಜ್ಞಾನ ಮೂರನ್ನೂ ಒಳ್ಳೆಯ ಅಂಕದಲ್ಲಿ ಮುಗಿಸಿ, ಅರ್ಜಿ ತುಂಬಲು ಕೂತ ದಿನ ಇದು ಗೊತ್ತಾಗಿ ಅತ್ತಿದ್ದಳು. ಸೇರುವಾಗ ಕಾಲೇಜಿನಲ್ಲಿ ಒಬ್ಬರೂ ಹೇಳಿರಲಿಲ್ಲ. ಹಾಗಾಗಿ ಸಸ್ಯಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಬಿಡಬೇಡಿ. ರಸಾಯನಶಾಸ್ತ್ರ ಸಿಕ್ಕರಂತೂ ಕಣ್ಣು ಮುಚ್ಚಿ ತಗೊಳ್ಳಿ. ಕಾಡಿನ ಕೆಲಸವೇ ಬೇಕೆಂದಿದ್ದರೆ ಸಿರ್ಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ನಾಲ್ಕು ವರ್ಷದ ಬಿಎಸ್ಸಿ ಫಾರೆಸ್ಟ್ರಿಗೆ ಮೊದಲು ಪ್ರಯತ್ನಿಸಿ. ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ನೇಮಕಾತಿಯಲ್ಲಿ ಆ ಪದವೀಧರರಿಗೆ ಪ್ರತ್ಯೇಕ ಪಾಲಿದೆ.

ಇನ್ನು ಕಲಿಸುವುದು. ಹುಲಿ, ಆನೆ, ಆಗುಂಬೆ ಮಳೆ ಅಂದುಕೊಂಡು ಬರುವವರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಅಳೆದು ಬಿಡುವ ಗಾಜಿನ ನಳಿಕೆ) ಕೈಗೆ ಕೊಡುತ್ತೇವೆ. ಮುಖ ಬಾಡುತ್ತದೆ. ತುಂಗೆಯ ನೀರಿನಲ್ಲಿ ಎಷ್ಟು ಆಮ್ಲಜನಕವಿದೆ ಎಂದು ನೋಡುವುದು ಹೇಗೆ? ಮುನ್ನೂರು ಮಿಲಿಲೀಟರಿನ ಗಾಜಿನ ಬಾಟಲಿಯನ್ನು ನೀರೊಳಗೇ ತುಂಬಿಸಿ, ಗುಳ್ಳೆ ಉಳಿದು ಗಾಳಿಯ ಆಮ್ಲಜನಕ ಸೇರದಂತೆ ಮುಚ್ಚಬೇಕು. ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ಹಾಕಿ ತಿರುಗಿಸಿದರೆ ಒಳ್ಳೆಯ ಹೊಳೆನೀರಿನಲ್ಲಿ ಕಾಫಿಪುಡಿ ಬಣ್ಣದ ಗಸಿ ಇಳಿಯುತ್ತದೆ. ಊರ ಚರಂಡಿಯ ನೀರಿನಲ್ಲಿ ಆಮ್ಲಜನಕ ಪೂರ್ತಿ ಖಾಲಿಯಾಗಿದ್ದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಓದುವ ಕಾಲದಲ್ಲಿ ನಾನು ಗುಳ್ಳೆ ಬಿಟ್ಟು ಮುಚ್ಚಿ, ಚರಂಡಿ ನೀರೂ ಹೊಳೆಯಷ್ಟೇ ಚೆನ್ನಾಗಿದೆ ಎಂದು ಬರೆದುಕೊಟ್ಟಿದ್ದೆ. ಮೇಷ್ಟ್ರು "ಹಾಗಾದ್ರೆ ಕುಡಿ" ಅಂದಿದ್ದರು.

ಜೀವಶಾಸ್ತ್ರ ಬರುವುದು ಆಮೇಲೆ. ಹೊಳೆಯ ಕಲ್ಲೊಂದನ್ನು ಎತ್ತಿ ತಿರುಗಿಸಿ ನೋಡಿ. ಅಡಿಯಲ್ಲಿ ಅಂಟಿಕೊಂಡಿರುವ ಚಪ್ಪಟೆ ಮರಿಹುಳುವಿಗೆ ಮೂರು ಬಾಲವಿದ್ದರೆ ಬಹುಮಟ್ಟಿಗೆ ಮೇಫ್ಲೈ ಎಂಬ ಕೀಟದ ಮರಿ, ಎರಡಿದ್ದರೆ ಸ್ಟೋನ್‌ಫ್ಲೈ ಇರಬಹುದು. ಎರಡೂ ಸಾಕಷ್ಟಿದ್ದರೆ ನೀರು ತಣ್ಣಗೆ, ಶುದ್ಧವಾಗಿ ಹರಿಯುತ್ತಿದೆ ಎಂದು ಲೆಕ್ಕ. ಬರೀ ಕೆಂಪು ಹುಳುಗಳೇ ಇದ್ದರೆ ಮೇಲೆಲ್ಲೋ ಕೊಳಚೆ ಸೇರಿದೆ. ನೀರು ಅಳೆಯುವ ಮೀಟರ್ ಆ ಗಳಿಗೆಯ ನೀರನ್ನಷ್ಟೇ ಹೇಳುತ್ತದೆ. ತಿಂಗಳುಗಟ್ಟಲೆ ಅಲ್ಲೇ ಬದುಕಿದ ಹುಳು ಹೋದ ತಿಂಗಳ ಕಥೆಯನ್ನೂ ಹೇಳುತ್ತದೆ. ಆದರೆ ಒಂದು ಕಲ್ಲು ನೋಡಿ ತೀರ್ಪು ಕೊಡುವಂತಿಲ್ಲ. ಹತ್ತು ಜಾಗ, ಮಳೆಗಾಲ, ಬೇಸಿಗೆ, ಪ್ರತಿ ಸಲದ ಎಣಿಕೆ ಎಲ್ಲ ಬೇಕು. ಅಲ್ಲಿಗೆ ಸಂಖ್ಯಾಶಾಸ್ತ್ರ ಬಂತು. ಲೆಕ್ಕಕ್ಕೆ ಹೆದರಿ ಜೀವಶಾಸ್ತ್ರಕ್ಕೆ ಬಂದವರು ಇಲ್ಲೇ ಸಿಕ್ಕಿಬೀಳುವುದು.

ನನ್ನನ್ನು ಪುಕ್ಕಲ ಎನ್ನುವುದು ಇನ್ನೊಂದು ವಿಷಯಕ್ಕೆ. ಡಿಸೆಂಬರ್‌ನಿಂದ ಮೇವರೆಗೆ ಕಾಡಿನಲ್ಲಿ ವಿದ್ಯಾರ್ಥಿಗಳನ್ನು ದರಗಿನ (ಉದುರಿದ ಒಣ ಎಲೆಗಳ) ಮೇಲೆ ಕೂರಲು ನಾನು ಬಿಡುವುದಿಲ್ಲ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ. ಉದ್ದ ತೋಳಿನ ಅಂಗಿ, ಪ್ಯಾಂಟಿನ ತುದಿ ಸಾಕ್ಸ್‌ನೊಳಗೆ, ಮನೆಗೆ ಬಂದ ತಕ್ಷಣ ಬಿಸಿನೀರು ಸ್ನಾನ. ಸತ್ತ ಮಂಗ ಕಂಡರೆ ಫೋಟೋಕ್ಕೂ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಫೋನು ಮಾಡಿ.

ಎಲ್ಲ ಡಿಗ್ರಿಯಲ್ಲೂ 'ಪರಿಸರ ಅಧ್ಯಯನ' ಇದೆಯಲ್ಲ, ಮತ್ತೆ ಇದು ಯಾಕೆ? – ಭದ್ರಾವತಿ

ಅದು ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಫಲವಾಗಿ ಬಂದ ಕಡ್ಡಾಯ ಪೇಪರು. ಗೈಡ್ ನೋಡಿ ಪಾಸಾಗುವಂಥದ್ದು. ಹೋಲಿಸಬೇಡಿ.

ಮೂರು ವಾರದ ಆನ್‌ಲೈನ್ ಕೋರ್ಸ್, 'ಪರಿಸರ ಆಡಿಟರ್' ಸರ್ಟಿಫಿಕೇಟ್, ಕೆಲಸ ಗ್ಯಾರಂಟಿ ಅಂತಾರೆ. – ಸಾಗರ

ದುಡ್ಡು ಕಟ್ಟಬೇಡಿ. ಗ್ಯಾರಂಟಿ ಇರುವುದು ಅವರ ಸಂಪಾದನೆಗೆ. ಯಾವುದೋ 'ಜೈವಿಕ ದ್ರಾವಣ' ಸುರಿದು ಹದಿನೈದು ದಿನದಲ್ಲಿ ಕೆರೆ ಶುದ್ಧ ಮಾಡುತ್ತೇವೆಂದು ಪಂಚಾಯ್ತಿಗೆ ಬರುವವರೂ ಇದೇ ಜಾತಿಯವರು. ಕೆರೆಗೆ ಬೀಳುವ ಚರಂಡಿ ಹಾಗೇ ಇದ್ದರೆ ದ್ರಾವಣ ಏನು ಮಾಡೀತು?

ಮಗನಿಗೆ ಹಾವು ಹಿಡಿಯುವ ಹುಚ್ಚು. ಈ ಕೋರ್ಸಿಗೆ ಸರಿಯಾ? – ಹೊಸನಗರ

ಮೊದಲು ಹಿಡಿಯುವುದನ್ನು ನಿಲ್ಲಿಸಿ ಮಾರಾಯ್ರೆ. ಆಮೇಲೆ ಕೋರ್ಸ್.

ಹೆಣ್ಣುಮಕ್ಕಳಿಗೆ ಫೀಲ್ಡ್ ಕೆಲಸ ಕಷ್ಟ ಅಲ್ಲವೇ? – ಶಿಕಾರಿಪುರ

ಉಂಬಳ (ಕಾಡಿನ ಜಿಗಣೆ) ಗಂಡು ಹೆಣ್ಣು ನೋಡಿ ಹತ್ತುವುದಿಲ್ಲ.

ಮುಂದೆ ಹತ್ತಿರದಲ್ಲೇ ಎಂಎಸ್ಸಿ ಮಾಡಬಹುದಾ? – ಶಿವಮೊಗ್ಗ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ವಿಭಾಗವಿದೆ. ಪದವಿಯಲ್ಲಿ ಯಾವ ವಿಷಯ ಓದಿದವರನ್ನು ತೆಗೆದುಕೊಳ್ಳುತ್ತಾರೆ ಎಂಬುದನ್ನು ಅವರ ಪ್ರವೇಶ ಪ್ರಕಟಣೆಯಲ್ಲಿ ಈಗಲೇ ಓದಿ, ಬಿಎಸ್ಸಿ ಫೀಸು ಕಟ್ಟುವ ಮೊದಲೇ.